ಎತ್ತಿಗೆ ಜ್ವರ, ಮೊಟ್ಟೆಯ ಹಳದಿಗೆ ಬರೆ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಆರೋಗ್ಯ ಪುರವಣಿಗಳಲ್ಲಿ ಆಗಾಗ ಬರುವ ‘ಜಿಮ್‌ಗೆ ಹೋಗುವವರ ಊಟದ ಪಟ್ಟಿ’ಗಳಲ್ಲಿ ಎರಡು ಮಾತು ತಪ್ಪದೆ ಇರುತ್ತವೆ. ಒಂದು, ‘ಮೊಟ್ಟೆಯ ಬಿಳಿ ಮಾತ್ರ ತಿನ್ನಿ, ಹಳದಿಯಲ್ಲಿ ಕೊಲೆಸ್ಟರಾಲ್ ಇದೆ’. ಇನ್ನೊಂದು, ‘ಕೊಲೆಸ್ಟರಾಲ್ ಕಡಿಮೆ ಇರುವುದರಿಂದ ಕೊಬ್ಬಿಲ್ಲದ ಮಾಂಸ ತಿನ್ನಿ’. ಮೊದಲನೆಯದು ಅರ್ಧ ನಿಜ. ಎರಡನೆಯದರಲ್ಲಿ ಸಲಹೆ ಸರಿ, ಕಾರಣ ತಪ್ಪು. ಸಲಹೆ ಸರಿಯಿದ್ದರೆ ಸಾಕಲ್ಲ, ಕಾರಣ ಕಟ್ಟಿಕೊಂಡು ಏನಾಗಬೇಕು ಎನ್ನಬಹುದು. ಆದರೆ ಕಾರಣ ಗೊತ್ತಿಲ್ಲದವರು ದುಬಾರಿ ಬೋನ್‌ಲೆಸ್ ಬ್ರೆಸ್ಟ್ ಪೀಸ್ ತಂದು, ಅದಕ್ಕೆ ಅರ್ಧ ಹೋಳು ತೆಂಗಿನಕಾಯಿ ರುಬ್ಬಿ ಹಾಕಿ, ಮೇಲೊಂದು ಸೌಟು ತುಪ್ಪ ಬಿಟ್ಟು ‘ಡಯಟ್’ನಲ್ಲಿದ್ದೇವೆ ಅಂದುಕೊಳ್ಳುತ್ತಾರೆ. ಆರು ತಿಂಗಳಾದ ಮೇಲೆ ರಕ್ತ ಪರೀಕ್ಷೆಯ ಚೀಟಿ ನೋಡಿ, ಹಳದಿ ಬಿಟ್ಟರೂ ಯಾಕೆ ಇಳಿದಿಲ್ಲ ಎಂದು ಕೇಳುತ್ತಾರೆ.

ಮೊದಲು ಕೊಬ್ಬಿಲ್ಲದ ಮಾಂಸದ ವಿಚಾರ. ಕೊಲೆಸ್ಟರಾಲ್ ಮಾಂಸದ ಬಿಳಿ ನೆಣದಲ್ಲಿ ಕೂತಿದೆ, ನೆಣ ಕೊಯ್ದು ಬಿಸಾಡಿದರೆ ಅದೂ ಹೋಗುತ್ತದೆ ಎಂಬುದು ಬಹಳ ಜನರ ನಂಬಿಕೆ. ಹಾಗಿಲ್ಲ. ಪ್ರಾಣಿಯ ಪ್ರತಿಯೊಂದು ಜೀವಕೋಶದ ಹೊರಪೊರೆಯಲ್ಲಿ ಕೊಲೆಸ್ಟರಾಲ್ ಇದ್ದೇ ಇರುತ್ತದೆ. ಕೆಂಪು ಮಾಂಸಖಂಡದಲ್ಲೂ ಇದೆ, ನೆಣದಲ್ಲೂ ಇದೆ. ಚರ್ಮ ತೆಗೆದು ಬೇಯಿಸಿದ 100 ಗ್ರಾಂ ಕೋಳಿ ಎದೆ ಮಾಂಸದಲ್ಲಿ ಸುಮಾರು 85 ಮಿ.ಗ್ರಾಂ ಕೊಲೆಸ್ಟರಾಲ್ ಇದ್ದರೆ, ಚರ್ಮದ ಸಮೇತ ಬೇಯಿಸಿದ ಅದೇ ಎದೆ ಮಾಂಸದಲ್ಲಿ 84 ಮಿ.ಗ್ರಾಂ. ಅಂದರೆ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಇರುವುದು ಕೊಬ್ಬಿನಲ್ಲಿ: ಚರ್ಮವಿಲ್ಲದ್ದರಲ್ಲಿ ಮೂರೂವರೆ ಗ್ರಾಂ, ಚರ್ಮ ಇದ್ದದ್ದರಲ್ಲಿ ಎಂಟು ಗ್ರಾಂ ಹತ್ತಿರ. ಅಮೆರಿಕದಲ್ಲಿರುವ ನಮ್ಮವರು ಅಂಗಡಿಯ ಮಾಂಸದ ಪೊಟ್ಟಣದ ಮೇಲೆ ‘ಲೀನ್’, ‘ಎಕ್ಸ್‌ಟ್ರಾ ಲೀನ್’ ಎಂದು ಓದಿರುತ್ತಾರೆ. ಅಲ್ಲಿನ ಸರ್ಕಾರದ ಲೆಕ್ಕದಲ್ಲಿ 100 ಗ್ರಾಂಗೆ 10 ಗ್ರಾಂಗಿಂತ ಕಡಿಮೆ ಕೊಬ್ಬಿದ್ದರೆ ಲೀನ್, 5 ಗ್ರಾಂಗಿಂತ ಕಡಿಮೆ ಇದ್ದರೆ ಎಕ್ಸ್‌ಟ್ರಾ ಲೀನ್. ಕೊಲೆಸ್ಟರಾಲ್ ಮಿತಿ ಮಾತ್ರ ಎರಡಕ್ಕೂ ಒಂದೇ, 95 ಮಿ.ಗ್ರಾಂ ಒಳಗೆ. ನೆಣ ಅರ್ಧಕ್ಕಿಳಿದರೂ ಕೊಲೆಸ್ಟರಾಲ್ ಜೊತೆಗೇ ಇಳಿಯುವುದಿಲ್ಲ ಎಂಬುದು ಆ ಲೇಬಲ್ಲಿನಲ್ಲೇ ಇದೆ. (ಅಲ್ಲಿನ ಕೈಮಾ ಪೊಟ್ಟಣದ ‘93 ಪರ್ಸೆಂಟ್ ಲೀನ್’ ಎಂಬುದು ತೂಕದ ಲೆಕ್ಕ. ಉಳಿದ ಏಳು ಗ್ರಾಂ ಕೊಬ್ಬಿನಿಂದಲೇ ಅದರ ಶಕ್ತಿಯಲ್ಲಿ ಶೇ 40ರಷ್ಟು ಬರುತ್ತದೆ. ಕ್ಯಾಲೊರಿ ಎಣಿಸುವವರು ಇಲ್ಲೇ ಎಡವುವುದು.)

ಹಾಗಾದರೆ ನೆಣ ತೆಗೆಸುವುದು ಯಾಕೆ? ತಿಂದ ಕೊಲೆಸ್ಟರಾಲ್‌ಗಿಂತ ತಿಂದ ಸ್ಯಾಚುರೇಟೆಡ್ ಕೊಬ್ಬು ರಕ್ತದ ಕೊಲೆಸ್ಟರಾಲನ್ನು ಹೆಚ್ಚು ಏರಿಸುತ್ತದೆ, ಅದಕ್ಕೆ. ಸ್ಯಾಚುರೇಟೆಡ್ ಅಂದರೆ ತಣ್ಣಗಾದಾಗ ಹೆಪ್ಪುಗಟ್ಟುವ ಜಾತಿಯ ಕೊಬ್ಬು: ತುಪ್ಪ, ಬೆಣ್ಣೆ, ವನಸ್ಪತಿ, ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಬೆಳ್ಳಗಾಗುವ ಕೊಬ್ಬರಿ ಎಣ್ಣೆ, ಕುರಿಯ ನೆಣ. ಸಲೀಸಾಗಲೆಂದು ಇಲ್ಲಿ ‘ಗಟ್ಟಿ ಕೊಬ್ಬು’ ಎನ್ನೋಣ. ನಮ್ಮ ಮೈಯಲ್ಲಿರುವ ಕೊಲೆಸ್ಟರಾಲ್‌ನಲ್ಲಿ ಹೆಚ್ಚಿನ ಪಾಲನ್ನು ಮೈಯೇ ತಯಾರಿಸಿಕೊಳ್ಳುತ್ತದೆ, ಅದರಲ್ಲಿ ಯಕೃತ್ತಿನ ಪಾತ್ರ ದೊಡ್ಡದು. ಊಟದಲ್ಲಿ ಹೆಚ್ಚು ಬಂದರೆ ತಯಾರಿಕೆ ತಗ್ಗಿಸುತ್ತದೆ, ಕರುಳೂ ಬಂದದ್ದನ್ನೆಲ್ಲ ಹೀರುವುದಿಲ್ಲ. ಎಲ್‌ಡಿಎಲ್ ಅಂದರೆ ಕೆಟ್ಟ ಕೊಲೆಸ್ಟರಾಲ್ ಕಣಗಳನ್ನು ರಕ್ತದಿಂದ ಎಳೆದುಕೊಳ್ಳಲು ಯಕೃತ್ತಿನ ಕೋಶಗಳ ಮೇಲೆ ಕೊಕ್ಕೆಯಂಥ ಗ್ರಾಹಕಗಳಿವೆ. ಇವನ್ನು ಗುರುತಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಗಟ್ಟಿ ಕೊಬ್ಬು ಹೆಚ್ಚಾದಾಗ ಈ ಕೊಕ್ಕೆಗಳ ಕೆಲಸ ತಗ್ಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಿರುತ್ತದೆ.

ಹಳದಿಯ ಮೇಲಿನ ಗುಮಾನಿ ಹಳೆಯದು. 1913ರಲ್ಲಿ ರಷ್ಯಾದ ಅನಿಚ್‌ಕೋವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ ಅವುಗಳ ರಕ್ತನಾಳ ಕಟ್ಟಿಕೊಳ್ಳುವುದನ್ನು ತೋರಿಸಿದರು. ಮೊಲ ಹುಲ್ಲು ತಿನ್ನುವ ಪ್ರಾಣಿ, ಊಟದಲ್ಲಿ ಈ ಸರಕು ಬರುವುದು ಅದರ ಮೈಗೆ ಗೊತ್ತೇ ಇಲ್ಲ. 1968ರಲ್ಲಿ ಅಮೆರಿಕದ ಹೃದಯ ಸಂಘ ದಿನಕ್ಕೆ 300 ಮಿ.ಗ್ರಾಂ ಮೀರಬೇಡಿ, ವಾರಕ್ಕೆ ಮೂರು ಹಳದಿ ಸಾಕು ಎಂದಿತು. ಆ 300 ಎಂಬ ಅಂಕಿ ಅರ್ಧ ಶತಮಾನ ಗೋಡೆ ಕ್ಯಾಲೆಂಡರಿನಂತೆ ನೇತಾಡಿತು. 2015–2020ರ ಅಮೆರಿಕನ್ ಆಹಾರ ಮಾರ್ಗಸೂಚಿ ಅದನ್ನು ಕೈಬಿಟ್ಟಿತು. ಕೈಬಿಟ್ಟದ್ದು ಅಂಕಿಯನ್ನು, ಎಚ್ಚರಿಕೆಯನ್ನಲ್ಲ. ಒಟ್ಟು ಊಟ ಸರಿ ಮಾಡಿಕೊಂಡು ಕೊಲೆಸ್ಟರಾಲ್ ಆದಷ್ಟು ಕಡಿಮೆ ತಿನ್ನಿ ಎಂದು ಅದೇ ಪುಸ್ತಕ ಹೇಳಿತ್ತು. ‘ಈಗ ವಿಜ್ಞಾನಿಗಳೇ ಎಷ್ಟು ಬೇಕಾದರೂ ತಿನ್ನಿ ಅಂದಿದ್ದಾರೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವುದು ಆ ವಾಕ್ಯದ ಅರ್ಧ ಕತ್ತರಿಸಿದ ತುಂಡು. ಊಟದಲ್ಲಿ ದಿನಕ್ಕೆ 100 ಮಿ.ಗ್ರಾಂ ಕೊಲೆಸ್ಟರಾಲ್ ಹೆಚ್ಚಾದರೆ ರಕ್ತದ ಒಟ್ಟು ಕೊಲೆಸ್ಟರಾಲ್ ಸರಾಸರಿ ಎರಡು-ಮೂರು ಅಂಕ (ಡೆಸಿಲೀಟರಿಗೆ ಮಿ.ಗ್ರಾಂ) ಏರುತ್ತದೆ. ಸಣ್ಣದು, ಆದರೆ ಸೊನ್ನೆಯಲ್ಲ. ಸರಾಸರಿಯ ಹಿಂದೆ ಏನೂ ಏರದವರೂ ಇದ್ದಾರೆ, ಹತ್ತು-ಹದಿನೈದು ಏರುವವರೂ ಇದ್ದಾರೆ.

ಈಗ ಅಡುಗೆಮನೆಗೆ ಬರೋಣ, ವಿಷಯ ಇರುವುದು ಅಲ್ಲಿ. ನಾಲ್ಕು ಜನಕ್ಕೆ ಅರ್ಧ ಕೆ.ಜಿ. ಚರ್ಮವಿಲ್ಲದ ಕೋಳಿಯ ಸಾರು ಇಟ್ಟುಕೊಳ್ಳಿ. ಕೋಳಿಯಿಂದ ಒಬ್ಬೊಬ್ಬರಿಗೆ ಬರುವ ಗಟ್ಟಿ ಕೊಬ್ಬು ಒಂದರಿಂದ ಎರಡು ಗ್ರಾಂ. ಮಸಾಲೆಗೆ ಅರ್ಧ ಹೋಳಿನ ತುರಿ, ಸುಮಾರು 120 ಗ್ರಾಂ. ಹಸಿ ತೆಂಗಿನ ತುರಿಯಲ್ಲಿ 100 ಗ್ರಾಂಗೆ 30 ಗ್ರಾಂ ಗಟ್ಟಿ ಕೊಬ್ಬು, ಅಲ್ಲಿಗೆ ಒಟ್ಟು 36, ತಲೆಗೆ 9 ಗ್ರಾಂ. ಒಗ್ಗರಣೆಗೆ ಕರಾವಳಿಯ ಮನೆಯಾದರೆ ಮೂರು ದೊಡ್ಡ ಚಮಚ ಕೊಬ್ಬರಿ ಎಣ್ಣೆ, ಅದರಿಂದ ತಲೆಗೆ ಇನ್ನೂ 9 ಗ್ರಾಂ. ಒಂದು ಹೊತ್ತಿನ ಸಾರಿನಲ್ಲೇ 20 ಗ್ರಾಂ ಆಯಿತು. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಶೇ 10, ಅಂದರೆ 22 ಗ್ರಾಂ. ಬೆಳಿಗ್ಗೆ ಬೆಣ್ಣೆ ದೋಸೆ ತಿಂದಿದ್ದರೆ ಅದರ ಲೆಕ್ಕ ಬೇರೆ. ಈ ಇಡೀ ಕಥೆಯಲ್ಲಿ ಕೋಳಿಯ ಪಾಲು ಎರಡು ಗ್ರಾಂ, ಕಸದ ಬುಟ್ಟಿಗೆ ಹೋದ ಹಳದಿಯದು ಒಂದೂವರೆ ಗ್ರಾಂ ಚಿಲ್ಲರೆ.

ತೆಂಗಿನಕಾಯಿ ಬಿಡಿ ಎಂದು ಕನ್ನಡಿಗರಿಗೆ ಹೇಳುವಷ್ಟು ಧೈರ್ಯ ನಮಗಿಲ್ಲ, ಹೇಳುವ ಅಗತ್ಯವೂ ಇಲ್ಲ. ಅದೇ ಅರ್ಧ ಕೆ.ಜಿ. ಸಾರಿಗೆ ತುರಿ ಎರಡು ದೊಡ್ಡ ಚಮಚಕ್ಕೆ ಇಳಿಸಿ. ಮಂದ ಬರಲು ಎರಡು ಚಮಚ ಹುರಿಗಡಲೆ, ಒಂದು ಚಮಚ ಗಸಗಸೆ, ಕಂದುಬಣ್ಣಕ್ಕೆ ಹುರಿದ ಎರಡು ಈರುಳ್ಳಿ ಸೇರಿಸಿ ರುಬ್ಬಿ. ಹುರಿಗಡಲೆ ಜಾಸ್ತಿಯಾದರೆ ಸಾರು ತಣಿದ ಮೇಲೆ ಅಂಟಂಟಾಗಿ ಪಾಯಸದ ಹದಕ್ಕೆ ಬರುತ್ತದೆ, ಅದಕ್ಕೇ ಎರಡು ಚಮಚದಲ್ಲಿ ನಿಲ್ಲಿಸಬೇಕು. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ ನಾಲ್ಕು ಜನಕ್ಕೆ ಒಂದೂವರೆ ದೊಡ್ಡ ಚಮಚ ಸಾಕು. ಅದರಲ್ಲಿ ಗಟ್ಟಿ ಕೊಬ್ಬು ಐದರಲ್ಲೊಂದು ಪಾಲು ಮಾತ್ರ. ಕೊಬ್ಬರಿ ಎಣ್ಣೆ ಒಳ್ಳೆಯ ಕೊಲೆಸ್ಟರಾಲನ್ನೂ ಏರಿಸುತ್ತದಲ್ಲ ಎಂದು ಕೇಳುವವರಿದ್ದಾರೆ. ಏರಿಸುತ್ತದೆ, ಹೌದು. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಗಳಿಗೆ ಹೋಲಿಸಿದರೆ ಕೆಟ್ಟದ್ದನ್ನೂ ಏರಿಸುತ್ತದೆ. ಇನ್ನು ಎಣ್ಣೆ ಬಾಟಲಿಯ ಮೇಲೆ ಹೃದಯದ ಚಿತ್ರದ ಪಕ್ಕ ‘ಕೊಲೆಸ್ಟರಾಲ್ ಮುಕ್ತ’ ಎಂದು ಅಚ್ಚಾಗಿರುತ್ತದಲ್ಲ, ಅದಕ್ಕೆ ಬೆಲೆ ಕೊಡಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ. ಅರ್ಧಕ್ಕರ್ಧ ಗಟ್ಟಿ ಕೊಬ್ಬಿರುವ ತಾಳೆ ಎಣ್ಣೆಯಲ್ಲೂ ಅದು ಇರುವುದಿಲ್ಲ.

ಮೊಟ್ಟೆ. 50 ಗ್ರಾಂ ತೂಗುವ ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನು. ಮೂರೂವರೆ ಬಿಳಿಯಲ್ಲಿ, ಎರಡೂವರೆಗಿಂತ ತುಸು ಹೆಚ್ಚು ಹಳದಿಯಲ್ಲಿ. 186 ಮಿ.ಗ್ರಾಂ ಕೊಲೆಸ್ಟರಾಲ್ ಪೂರ್ತಿ ಹಳದಿಯದೇ. ಕೋಲೀನ್ ಎಂಬ ಪೋಷಕಾಂಶ, ವಿಟಮಿನ್ ಡಿ, ಎ, ಬಿ12ರ ಬಹುಪಾಲು ಇರುವುದೂ ಅಲ್ಲೇ. ವ್ಯಾಯಾಮವಾದ ಮೇಲೆ ಒಂದೇ ಪ್ರಮಾಣದ ಪ್ರೋಟೀನನ್ನು ಇಡೀ ಮೊಟ್ಟೆಯಾಗಿ ತಿಂದಾಗ, ಬರೀ ಬಿಳಿ ತಿಂದದ್ದಕ್ಕಿಂತ ಸ್ನಾಯು ಕಟ್ಟುವ ಕೆಲಸ ಚುರುಕಾಗಿತ್ತೆಂದು 2017ರ ಒಂದು ಸಣ್ಣ ಅಧ್ಯಯನ ತೋರಿಸಿದೆ. ಹತ್ತು ಜನರ ಅಧ್ಯಯನ, ಅದನ್ನೇ ಹಿಡಿದು ಆರು ಹಳದಿ ನುಂಗಲು ಹೋಗಬೇಡಿ. ಆರೋಗ್ಯವಂತರಿಗೆ ದಿನಕ್ಕೊಂದು ಇಡೀ ಮೊಟ್ಟೆ ತೊಂದರೆಯಿಲ್ಲ ಎಂದು ಅಮೆರಿಕದ ಹೃದಯ ಸಂಘವೇ 2019ರಲ್ಲಿ ಹೇಳಿದೆ. ಮಾಂಸ ತಿನ್ನದ, ಮೊಟ್ಟೆ ಮಾತ್ರ ತಿನ್ನುವವರಿಗೆ ಇನ್ನೂ ತುಸು ಸಡಿಲ. ಹೆಚ್ಚು ಪ್ರೋಟೀನು ಬೇಕಾದವರು ಒಂದು ಇಡೀ ಮೊಟ್ಟೆಗೆ ಮೂರು ಬಿಳಿ ಸೇರಿಸಿದರೆ 17 ಗ್ರಾಂ ಸಿಗುತ್ತದೆ. ನಾಟಿ ಮೊಟ್ಟೆಯಲ್ಲಿ ಕೊಲೆಸ್ಟರಾಲ್ ಇಲ್ಲ ಎಂಬುದು ಸುಳ್ಳು. ಹಳದಿ ಗಾಢವಾಗುವುದು ಕೋಳಿ ತಿಂದ ಸೊಪ್ಪು, ಜೋಳದ ಬಣ್ಣದಿಂದ. ಚಿಪ್ಪು ಕಂದಾಗುವುದು ತಳಿಯಿಂದ.

ಹಸಿ ಮೊಟ್ಟೆ ಒಡೆದು ಗಂಟಲಿಗೆ ಸುರಿದುಕೊಳ್ಳುವ ಗರಡಿ ಕಾಲದ ಪದ್ಧತಿ ಇನ್ನೂ ಹೋಗಿಲ್ಲ. ಬೇಯಿಸಿದ ಮೊಟ್ಟೆಯ ಪ್ರೋಟೀನು ಶೇ 90ರಷ್ಟು ಮೈಗೆ ಹತ್ತಿದರೆ, ಹಸಿಯದು ಶೇ 50ರ ಆಸುಪಾಸು. ಅಂದರೆ ನಾಲ್ಕು ಹಸಿ ಮೊಟ್ಟೆ ಕುಡಿದವರಿಗೆ ದಕ್ಕಿದ್ದು ಎರಡರದ್ದೇ, ಜೊತೆಗೆ ಸಾಲ್ಮೊನೆಲ್ಲಾ ಸೋಂಕಿನ ಅಪಾಯ ಉಚಿತ. ಕುದಿಯುವ ನೀರಿಗೆ ಇಳಿಸಿ ಹತ್ತು ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿ. ಹಳದಿಯ ಸುತ್ತ ಹಸಿರು ಬಳೆ ಕಂಡರೆ ಹೆಚ್ಚು ಬೆಂದಿದೆ ಎಂದಷ್ಟೇ ಅರ್ಥ, ಕೆಟ್ಟಿಲ್ಲ. ಬೇಕರಿಯಲ್ಲಿ ಎಗ್ ಪಫ್ಸ್ ಕೊಂಡು, ಒಳಗಿನ ಹಳದಿಯನ್ನು ಮಾತ್ರ ಬೆರಳಿನಿಂದ ಕಿತ್ತು ಬದಿಗಿಟ್ಟು, ಪದರ ಪದರವಾಗಿ ವನಸ್ಪತಿಯಂಥ ಮಾರ್ಗರಿನ್ ಕುಡಿದ ಮೈದಾವನ್ನು ಚಪ್ಪರಿಸುವ ದೃಶ್ಯ ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಸಿಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ.

ಇನ್ನು ಕೋಳಿ ಅಂಗಡಿ. ‘ವಿತ್ ಸ್ಕಿನ್ನಾ, ಸ್ಕಿನ್‌ಲೆಸ್ಸಾ’ ಎಂಬ ಪ್ರಶ್ನೆಗೆ ಸ್ಕಿನ್‌ಲೆಸ್ ಅಂದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಮನೆಯಲ್ಲಿದೆ: ಬಾಲದ ತುದಿಯ ಗಂಟು, ಹೊಟ್ಟೆಯ ಒಳಬದಿಯ ಹಳದಿ ನೆಣದ ಗಟ್ಟಿ, ತೊಡೆಯ ಸಂದಿಯ ಕೊಬ್ಬು ಇವನ್ನು ಕೈಯಿಂದಲೇ ಕೀಳಬಹುದು. ತೊಡೆ ಮಾಂಸ ಅಪರಾಧಿಯೇನಲ್ಲ. ಚರ್ಮ ತೆಗೆದು ಬೇಯಿಸಿದ ತೊಡೆಯಲ್ಲಿ 100 ಗ್ರಾಂಗೆ 25 ಗ್ರಾಂ ಪ್ರೋಟೀನು, 8ರಿಂದ 11 ಗ್ರಾಂ ಕೊಬ್ಬು, ಅದರಲ್ಲಿ ಗಟ್ಟಿ ಕೊಬ್ಬು ಮೂರರ ಒಳಗೆ. ಕಬ್ಬಿಣ, ಸತು ಎದೆಗಿಂತ ಹೆಚ್ಚು, ಬೆಲೆ ಬೋನ್‌ಲೆಸ್‌ಗಿಂತ ಕಡಿಮೆ, ರುಚಿ ಹೇಳಬೇಕಾಗಿಲ್ಲ. ಬ್ರೆಸ್ಟ್ ಕೊಳ್ಳುವಾಗ ಮೇಲ್ಮೈ ನೋಡಿ. ನಾರಿನ ಜೊತೆ ಉದ್ದಕ್ಕೂ ಬಿಳಿ ಗೆರೆ ದಟ್ಟವಾಗಿದ್ದರೆ ಅದು ವೇಗವಾಗಿ ಬೆಳೆಸಿದ ದೊಡ್ಡ ಬ್ರಾಯ್ಲರ್. ಆ ಗೆರೆಗಳೇ ಕೊಬ್ಬು. ಬೆರಳಲ್ಲಿ ಒತ್ತಿದಾಗ ಮರದಂತೆ ಗಟ್ಟಿ ಇದ್ದರೆ ಬೇಯಿಸಿದರೂ ಹಾಗೇ ಇರುತ್ತದೆ, ಬೇರೆ ಕೇಳಿ. ನಗೆಟ್ಸ್, ಸಾಸೇಜ್, ಸಲಾಮಿಗಳು ಹೆಸರಿಗೆ ಚಿಕನ್, ಲೀನ್ ಲೆಕ್ಕಕ್ಕೆ ಬರುವುದಿಲ್ಲ. ಚರ್ಮದ ಸಮೇತ ಕರಿದ ಕೆಂಪು ಕಬಾಬೂ ಅಷ್ಟೇ.

ಮಟನ್ ಅಂದರೆ ಹೃದಯಕ್ಕೆ ವಿಷ ಎಂಬ ಮಾತಿನಲ್ಲಿ ಮೇಕೆಗೆ ಅನ್ಯಾಯವಾಗಿದೆ. ಮೇಕೆಯ ಕೊಬ್ಬು ಹೆಚ್ಚಾಗಿ ಹೊಟ್ಟೆಯೊಳಗೆ, ಮೂತ್ರಪಿಂಡದ ಸುತ್ತ ಶೇಖರವಾಗುತ್ತದೆ. ಮಾಂಸಖಂಡದ ನಡುವೆ ಕಡಿಮೆ. ಹಾಗಾಗಿ ನೆಣ ಬಿಡಿಸಿ ಬೇಯಿಸಿದ ಮೇಕೆ ಮಾಂಸದಲ್ಲಿ 100 ಗ್ರಾಂಗೆ 27 ಗ್ರಾಂ ಪ್ರೋಟೀನು, 3 ಗ್ರಾಂ ಕೊಬ್ಬು, 75 ಮಿ.ಗ್ರಾಂ ಕೊಲೆಸ್ಟರಾಲ್. ಹೆಚ್ಚೂಕಡಿಮೆ ಕೋಳಿ ಎದೆಯ ಸಮ. ಕುರಿಯಲ್ಲಿ ಚರ್ಮದಡಿಯೂ ನೆಣ ಕಟ್ಟುತ್ತದೆ, ಅದರಲ್ಲೂ ಬನ್ನೂರು ಕುರಿಯ ರುಚಿಗೆ ಹೆಸರು ಬಂದದ್ದೇ ನೆಣದಿಂದ. ಅಂಗಡಿಯಲ್ಲಿ ‘ಹಿಂದಿನ ತೊಡೆ, ನೆಣ ಬಿಡಿಸಿ ತೂಗಿ’ ಎಂದು ಮೊದಲೇ ಹೇಳಬೇಕು. ತೂಗಿದ ಮೇಲೆ ಹೇಳಿದರೆ ತಕ್ಕಡಿಗೆ ಬಿದ್ದ ಹಿಡಿ ಕೊಬ್ಬಿಗೂ ಮಾಂಸದ ದುಡ್ಡೇ. ಪಕ್ಕೆ, ಚಾಪ್ಸ್, ಎದೆಯ ಭಾಗ ನೆಣದ ಜಾಗಗಳು. ಖೈಮಾ ಬೇಕಿದ್ದರೆ ರೆಡಿ ಇಟ್ಟಿದ್ದನ್ನು ಕೊಳ್ಳಬೇಡಿ. ತೊಡೆ ತುಂಡು ತೋರಿಸಿ, ನೆಣ ತೆಗೆಸಿ, ಕಣ್ಣೆದುರೇ ಕೊಚ್ಚಿಸಿ. ಕೊಚ್ಚಿದ ಮೇಲೆ ನೆಣ ಎಷ್ಟಿದೆ ಎಂದು ಯಾರಿಗೂ ಕಾಣಿಸುವುದಿಲ್ಲ. ಮೂಳೆ ಸಮೇತ ತಂದರೆ ಹಿಂದಿನ ದಿನವೇ ಅರಿಶಿನ, ಉಪ್ಪು ಹಾಕಿ ಕುಕ್ಕರಿನಲ್ಲಿ ಬೇಯಿಸಿ, ಆರಿದ ಮೇಲೆ ಪಾತ್ರೆ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮೇಲೆ ಮೇಣದ ಹಪ್ಪಳದಂತೆ ನೆಣ ಕಟ್ಟಿರುತ್ತದೆ, ಸೌಟಿನಿಂದ ಎತ್ತಿ ಎಸೆಯಬಹುದು. ಕೆಳಗಿನ ಕಟ್ಟು ಲೋಳೆಯಂತಿದ್ದರೆ ಗಾಬರಿ ಬೇಡ, ಅದು ಮೂಳೆ-ನರದಿಂದ ಬಿಟ್ಟ ಜೆಲಾಟಿನ್, ಕೊಬ್ಬಲ್ಲ. ಕೊಡಗಿನ ಪಂದಿ ಕರಿಗೂ ಈ ಉಪಾಯ ಮಾಡಬಹುದು, ಆದರೆ ಅದನ್ನು ತಿನ್ನುವವರು ಒಪ್ಪುವುದಿಲ್ಲ.

ನಿಜವಾಗಿ ಕೊಲೆಸ್ಟರಾಲ್ ಅಂಕಿಯನ್ನೇ ನೋಡಿ ತಿನ್ನಬೇಕಾದ ಪದಾರ್ಥ ಒಳ ಅಂಗಗಳು. ಬೇಯಿಸಿದ ಕೋಳಿ ಲಿವರ್ 100 ಗ್ರಾಂಗೆ 560 ಮಿ.ಗ್ರಾಂ. ಕುರಿಯ ಮಿದುಳು, ಅಂದರೆ ಭೇಜಾ ಫ್ರೈ, 2,000 ಮಿ.ಗ್ರಾಂ ಆಸುಪಾಸು, ಹತ್ತು ಹಳದಿಗೂ ಮಿಗಿಲು. ‘ಪವರ್’ ಬರುತ್ತದೆಂದು ವಾರಕ್ಕೆ ಮೂರು ದಿನ ಲಿವರ್ ತಿನ್ನುವ ಹುಡುಗರಿದ್ದಾರೆ. ಹದಿನೈದು ದಿನಕ್ಕೊಮ್ಮೆ ಐವತ್ತು-ನೂರು ಗ್ರಾಂ ಕಬ್ಬಿಣಕ್ಕೂ ಬಿ12ಕ್ಕೂ ಒಳ್ಳೆಯದೇ, ಹೆಚ್ಚಾದರೆ ವಿಟಮಿನ್ ಎ ಮಿತಿಮೀರುತ್ತದೆ, ಯೂರಿಕ್ ಆಮ್ಲ ಹೆಚ್ಚಿದ್ದವರ ಹೆಬ್ಬೆರಳು ಊದುತ್ತದೆ. ಬಸುರಿಯರು ಲಿವರ್ ತಿನ್ನದಿರುವುದೇ ಲೇಸು. ಸಿಗಡಿಯದು ವಿಚಿತ್ರ ಪ್ರಕರಣ: 190 ಮಿ.ಗ್ರಾಂ ಕೊಲೆಸ್ಟರಾಲ್ ಇದ್ದರೂ ಕೊಬ್ಬು ಒಂದು ಗ್ರಾಂ ಆಸುಪಾಸು, ಪ್ರೋಟೀನು 24. ಬೊಂಡಾಸ್ (ಸ್ಕ್ವಿಡ್) ಕೂಡ ಅದೇ ಜಾತಿ. ಕೊಲೆಸ್ಟರಾಲ್ ಅಂಕಿಯಿಂದ ಸಿಗಡಿಗೆ ಹೆದರಿ, ಅದರ ಬದಲು ತುಪ್ಪದಲ್ಲಿ ಹುರಿದ ಕೋಳಿ ತಿಂದರೆ ನಷ್ಟವೇ. ಬಂಗುಡೆ, ಬೂತಾಯಿಯ ಎಣ್ಣೆ ಗಟ್ಟಿ ಕೊಬ್ಬಿನ ಜಾತಿಯದಲ್ಲ, ಬಹುಪಾಲು ಒಮೆಗಾ-3ರಂಥ ತೆಳು ಕೊಬ್ಬು. ವಾರಕ್ಕೆರಡು ದಿನ ತಿನ್ನಬೇಕಾದ ಮೀನುಗಳು. ರವೆ ಮೆತ್ತಿ ಎಣ್ಣೆಯಲ್ಲಿ ಈಜಿಸಿದರೆ ರವೆಯೇ ಎಣ್ಣೆ ಕುಡಿಯುತ್ತದೆ. ಹುಳಿ-ಖಾರದ ಪುಳಿಮುಂಚಿ ಸಾರು ಮಾಡಿದರೆ ಆ ಕಾಟವಿಲ್ಲ.

ತೂಕದ ಗೋಜಲು ಒಂದಿದೆ, ಪುರವಣಿಗಳ ಪಟ್ಟಿಗಳು ಇದನ್ನು ಬಿಡಿಸುವುದೇ ಇಲ್ಲ. ‘100 ಗ್ರಾಂ ಕೋಳಿಯಲ್ಲಿ 31 ಗ್ರಾಂ ಪ್ರೋಟೀನು’ ಎಂಬುದು ಬೇಯಿಸಿದ ತೂಕ. ಹಸಿ ಬ್ರೆಸ್ಟ್‌ನಲ್ಲಿ 22–23 ಗ್ರಾಂ. ಬೇಯುವಾಗ ನೀರು ಹೋಗಿ ತೂಕ ಶೇ 25ರಿಂದ 30 ಇಳಿಯುವುದರಿಂದ 100 ಗ್ರಾಂ ಹಸಿ ಮಾಂಸ 70–75 ಗ್ರಾಂ ಆಗುತ್ತದೆ, ಪ್ರೋಟೀನು ಅಷ್ಟೇ ಇರುತ್ತದೆ. 200 ಗ್ರಾಂ ಹಸಿ ತೂಗಿ 62 ಗ್ರಾಂ ತಿಂದೆ ಎಂದು ಬರೆದುಕೊಳ್ಳುವವರಿಗೆ ಸಿಕ್ಕಿದ್ದು 45. ತೊಳೆದು ನೀರು ಸೋರುತ್ತಿರುವಾಗಲೇ ತೂಗಿದರೆ ಇನ್ನೂ ಕಡಿಮೆ. ಕರಿ ಕಟ್ ಆದರೆ ಮೂಳೆಯ ತೂಕವೂ ಅದರಲ್ಲೇ ಸೇರಿರುತ್ತದೆ.

ಬ್ರೆಸ್ಟ್ ರಬ್ಬರಿನಂತಾಗುತ್ತದೆ, ನುಂಗಲಾಗದೆ ಮೇಯೊನೇಸ್ ಮೆತ್ತಿಕೊಳ್ಳುತ್ತೇವೆ ಎಂಬ ದೂರು ಎಲ್ಲರದ್ದು. ತಪ್ಪು ಕೋಳಿಯದಲ್ಲ. ಎದೆ ಮಾಂಸದಲ್ಲಿ ನಾರುಗಳನ್ನು ಕಟ್ಟಿ ಹಿಡಿಯುವ ಕೊಲಾಜೆನ್ ಎಂಬ ಪ್ರೋಟೀನು ತೀರಾ ಕಡಿಮೆ. ಮಟನ್ ತೊಡೆಯನ್ನು ಎಷ್ಟು ಹೊತ್ತು ಬೇಯಿಸಿದರೆ ಅಷ್ಟು ಮೆತ್ತಗಾಗುವುದು ಅದರ ಕೊಲಾಜೆನ್ ಕರಗಿ ಜೆಲಾಟಿನ್ ಆಗುವುದರಿಂದ. ಎದೆಯಲ್ಲಿ ಕರಗಲು ಏನೂ ಇಲ್ಲ, 65–70 ಡಿಗ್ರಿ ದಾಟಿದಂತೆ ನಾರು ಹಿಂಡಿಕೊಂಡು ನೀರು ಉಗುಳುತ್ತದೆ, ಅಷ್ಟೇ. ಹಾಗಾಗಿ ಕುಕ್ಕರಿನ ನಾಲ್ಕು ವಿಸಲ್ ಇದಕ್ಕೆ ಹೇಳಿದ್ದಲ್ಲ. 250 ಗ್ರಾಂ ಬ್ರೆಸ್ಟನ್ನು ಕವರಿನೊಳಗಿಟ್ಟು ಲಟ್ಟಣಿಗೆಯಿಂದ ಬಡಿದು ಎಲ್ಲ ಕಡೆ ಒಂದೂವರೆ ಸೆಂ.ಮೀ. ದಪ್ಪಕ್ಕೆ ತನ್ನಿ, ಒಂದು ತುದಿ ದಪ್ಪ ಇನ್ನೊಂದು ತೆಳು ಇದ್ದರೆ ದಪ್ಪದ್ದು ಬೇಯುವಷ್ಟರಲ್ಲಿ ತೆಳುವಿನದು ಒಣಗುತ್ತದೆ. ಮೂರು ಚಮಚ ಮೊಸರು, ಶುಂಠಿ-ಬೆಳ್ಳುಳ್ಳಿ, ಕಾಳುಮೆಣಸು, ಅರಿಶಿನ, ಉಪ್ಪು ಸವರಿ ಎರಡು ಗಂಟೆ ಬಿಡಿ. ನಿಂಬೆರಸ ಹಾಕಿ ರಾತ್ರಿಯಿಡೀ ಬಿಟ್ಟರೆ ಹುಳಿ ಮೇಲ್ಮೈಯನ್ನು ಸುಣ್ಣದಂತೆ ಪುಡಿ ಮಾಡುತ್ತದೆ, ನಿಂಬೆ ಕೊನೆಗೆ ಹಿಂಡಿ. ದಪ್ಪ ತಳದ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ಒಂದು ಟೀ ಚಮಚ ಎಣ್ಣೆ ಸವರಿ, ಬದಿಗೆ ನಾಲ್ಕೈದು ನಿಮಿಷ ಬೇಯಿಸಿ. ಕಾವಲಿ ಕಾಯುವ ಮೊದಲೇ ಇಟ್ಟರೆ ನೀರು ಬಿಟ್ಟು ಬೆಂದಂತಾಗುತ್ತದೆ, ಬಣ್ಣ ಬರುವುದಿಲ್ಲ. ದಪ್ಪ ಭಾಗದ ನಡುವೆ 74 ಡಿಗ್ರಿ ತಲುಪಬೇಕು; ಥರ್ಮಾಮೀಟರ್ ಇಲ್ಲದಿದ್ದರೆ ಅಲ್ಲಿ ಚಾಕು ಇಳಿಸಿ ನೋಡಿ, ಗುಲಾಬಿ ಬಣ್ಣ ಕಾಣಬಾರದು. ಇಳಿಸಿ ಐದು ನಿಮಿಷ ಸುಮ್ಮನೆ ಬಿಟ್ಟು ನಾರಿಗೆ ಅಡ್ಡಲಾಗಿ ಕತ್ತರಿಸಿ. ಉದ್ದಕ್ಕೆ ಕತ್ತರಿಸಿದರೆ ಹಲ್ಲಿನ ಸಂದಿಯಲ್ಲಿ ಸಂಜೆಯವರೆಗೂ ನೆನಪಿರುತ್ತದೆ.

ಎಷ್ಟು ಬೇಕು? ಸಾಮಾನ್ಯರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ್ದು ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನು. ಭಾರ ಎತ್ತುವವರಿಗೆ 1.6 ಗ್ರಾಂ ಸಾಕು, ಅದಕ್ಕಿಂತ ಮೇಲೆ ಹೋದರೆ ಲಾಭ ತೀರಾ ಅತ್ಯಲ್ಪ. 65 ಕೆ.ಜಿ.ಯವರಿಗೆ 104 ಗ್ರಾಂ ಆಯಿತು. ಬೆಳಿಗ್ಗೆ ಒಂದು ಇಡೀ ಮೊಟ್ಟೆ, ಇನ್ನೆರಡರ ಬಿಳಿ, ಕಾಲು ಲೀಟರು ಹಾಲು ಸೇರಿ 21. ಮಧ್ಯಾಹ್ನ ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆ, ಐವತ್ತು ಗ್ರಾಂ ಹೆಸರುಕಾಳಿನ ಸಾರು, ಒಂದು ಬಟ್ಟಲು ಮೊಸರು ಸೇರಿ 25. ಸಂಜೆ ಹಿಡಿ ಕಡಲೆಕಾಯಿ ಬೀಜ, ನೆನೆಸಿ ಬೇಯಿಸಿದ ಐವತ್ತು ಗ್ರಾಂ ಕಡಲೆ, 17. ರಾತ್ರಿ ನೂರು ಗ್ರಾಂ ಅಕ್ಕಿಯ ಅನ್ನ, ಹಸಿ ತೂಕದಲ್ಲಿ 150 ಗ್ರಾಂ ಕೋಳಿ, 41. ಗುರಿ ಮುಟ್ಟಿತು, ಅದರಲ್ಲಿ ಮಾಂಸದ ಪಾಲು ಮೂರರಲ್ಲೊಂದು. ದಿನಾ ಒಂದು ಕೆ.ಜಿ. ಕೋಳಿ ಯಾರಿಗೂ ಬೇಕಿಲ್ಲ. ಕಾಳು ಬಿಡದಿರಲು ಇನ್ನೊಂದು ಕಾರಣ, ಅದರ ಕರಗುವ ನಾರು ಕರುಳಿನಲ್ಲಿ ಪಿತ್ತವನ್ನು ಹಿಡಿದು ಹೊರಹಾಕುತ್ತದೆ; ಹೊಸ ಪಿತ್ತ ಮಾಡಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನೇ ಬಳಸಬೇಕಾಗುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಮಾತ್ರ ಈ ಲೆಕ್ಕ ಅನ್ವಯಿಸುವುದಿಲ್ಲ, ಅವರು ವೈದ್ಯರು ಹೇಳಿದಷ್ಟೇ ತಿನ್ನಬೇಕು.

‘ಬೆವರು ಸುರಿಸುತ್ತೇನೆ, ತಿಂದದ್ದೆಲ್ಲ ಕರಗುತ್ತದೆ’ ಎನ್ನುವವರಿಗೆ ಒಂದು ಮಾತು. ವ್ಯಾಯಾಮದಿಂದ ರಕ್ತದಲ್ಲಿರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಚೆನ್ನಾಗಿ ಇಳಿಯುತ್ತದೆ, ಒಳ್ಳೆಯ ಕೊಲೆಸ್ಟರಾಲ್ ತುಸು ಏರುತ್ತದೆ. ಎಲ್‌ಡಿಎಲ್ ಮಾತ್ರ ತೂಕ ಇಳಿಯದ ಹೊರತು ಹೆಚ್ಚು ಅಲುಗುವುದಿಲ್ಲ. ಸಿಕ್ಸ್ ಪ್ಯಾಕ್ ಇದ್ದವರಲ್ಲೂ ಎಲ್‌ಡಿಎಲ್ 190 ಇರಬಹುದು. ಅಷ್ಟಿದ್ದರೆ ಅದು ಊಟದ ಮಾತಲ್ಲ, ವಂಶದ್ದಿರಬಹುದು. ಸುಮಾರು 250 ಜನರಲ್ಲಿ ಒಬ್ಬರಿಗೆ ಈ ಹುಟ್ಟು ದೋಷ ಇರುತ್ತದೆ. ಹಿಮ್ಮಡಿಯ ನರದ ಮೇಲೆ ಗಂಟು, ಮನೆಯಲ್ಲಿ ಐವತ್ತರೊಳಗೆ ಹೃದಯಾಘಾತ ಆದವರಿದ್ದರೆ ಆಹಾರ ಪಟ್ಟಿ ಬದಿಗಿಟ್ಟು ವೈದ್ಯರ ಬಳಿ ಹೋಗಬೇಕು. ಇಂಥವರಿಗೆ, ಸಕ್ಕರೆ ಕಾಯಿಲೆಯವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಮೇಲೆ ಹೇಳಿದ ಹಳದಿಯ ಸಡಿಲಿಕೆ ಇಲ್ಲ. ಜಿಮ್ಮಿನಲ್ಲಿ ಕೈಯಿಂದ ಕೈಗೆ ದಾಟುವ ಸ್ಟೀರಾಯ್ಡ್ ಮಾತ್ರೆಗಳು ಒಳ್ಳೆಯ ಕೊಲೆಸ್ಟರಾಲನ್ನು ವಾರಗಳಲ್ಲೇ ನೆಲಕಚ್ಚಿಸಿ ಕೆಟ್ಟದ್ದನ್ನು ಏರಿಸುತ್ತವೆ. ಅದನ್ನು ನುಂಗಿ ಹಳದಿ ಬಿಟ್ಟು ಪ್ರಯೋಜನವಿಲ್ಲ.

2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಬಂದಾಗ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲು ನಿಂತರು. ಪರೀಕ್ಷೆ ಮಾಡಿಸುವುದು ಒಳ್ಳೆಯದೇ, ಆದರೆ ಹೇಗೆ ಮಾಡಿಸಬೇಕೆಂದು ತಿಳಿದಿರಬೇಕು. ಹಿಂದಿನ ದಿನ ಭಾರದ ಸ್ಕ್ವಾಟ್ ಹೊಡೆದು ರಕ್ತ ಕೊಟ್ಟರೆ ಲಿವರ್ ಪರೀಕ್ಷೆಯ ಎಎಸ್‌ಟಿ, ಎಎಲ್‌ಟಿ ಎಂಬ ಕಿಣ್ವಗಳು ಏರಿರುತ್ತವೆ, ಅವು ಸ್ನಾಯುವಿನಿಂದಲೂ ಬರುವುದರಿಂದ. ಲಿವರ್ ಹಾಳಾಯಿತೆಂದು ಹೆದರಬೇಕಾಗಿಲ್ಲ, ವಾರ ಬಿಟ್ಟು ಮತ್ತೆ ಮಾಡಿಸಬೇಕು. ಹಳದಿ ನಿಮಗೆ ಆಗುತ್ತದೋ ಇಲ್ಲವೋ ತಿಳಿಯಲು ದಾರಿ ಸುಲಭ. ಒಮ್ಮೆ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬು, ಕೊಲೆಸ್ಟರಾಲ್ ಪರೀಕ್ಷೆ) ಮಾಡಿಸಿ, ಬೇರೇನೂ ಬದಲಿಸದೆ ಆರು ವಾರ ದಿನಕ್ಕೆ ಎರಡು ಇಡೀ ಮೊಟ್ಟೆ ತಿಂದು, ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿ. ಎಲ್‌ಡಿಎಲ್ ಐದಾರು ಅಂಕ ಆಚೀಚೆ ಆದರೆ ಅದು ದಿನದಿನದ ಏರಿಳಿತ. ಹದಿನೈದು-ಇಪ್ಪತ್ತು ಏರಿದ್ದರೆ ಹಳದಿ ನಿಮಗೆ ಹೇಳಿದ್ದಲ್ಲ, ಬಿಳಿಯೇ ಸರಿ. ಮೇಲೆ ಹೇಳಿದ ಕಾಯಿಲೆಗಳಿರುವವರು ಈ ಪ್ರಯೋಗಕ್ಕೆ ಕೈಹಾಕಬಾರದು.

ನಿಮ್ಮಲ್ಲಿ ನಮ್ಮ ಕೋರಿಕೆ ಚಿಕ್ಕದು. ಮುಂದಿನ ಸಲ ಜಿಮ್ ಊಟದ ಪಟ್ಟಿ ಅಚ್ಚು ಹಾಕುವಾಗ ಮಾಂಸದ ಮುಂದೆ ಹಸಿ ತೂಕವೋ ಬೇಯಿಸಿದ್ದೋ, ಚರ್ಮ ಇದೆಯೋ ಇಲ್ಲವೋ, ಯಾವ ಭಾಗ ಎಂದು ಬರೆಯಿರಿ. ಸಾರು-ಪಲ್ಯ ಎಂದು ಬರೆದಲ್ಲಿ ಎಣ್ಣೆ, ತೆಂಗಿನಕಾಯಿ ಎಷ್ಟು ಚಮಚ ಎಂದೂ ಹೇಳಿ. ಜಾಗ ಸಾಲದಿದ್ದರೆ ಕೊಲೆಸ್ಟರಾಲ್ ಕಾಲಂ ತೆಗೆದುಬಿಡಿ, ಆ ಜಾಗದಲ್ಲಿ ಗಟ್ಟಿ ಕೊಬ್ಬಿನ ಅಂಕಿ ಹಾಕಿ.

ಇಂತಿ,
ಇಬ್ಬರು ಪಥ್ಯಾಹಾರ ತಜ್ಞರು, ಮೈಸೂರು